ಪುಟ ತೆರೆಯುವ ಮೊದಲು

ಪೆರ್ಲದ ಪೇಟೆಯಲ್ಲಿ, ಹೋಮಿಯೋ ಡಾಕ್ಟರರ ಮಾಳಿಗೆಯ ಮೇಲೆ
ನನ್ನ ಅಕ್ಷಯ ಕೇಂದ್ರ. ಎರಡು ಕಂಪ್ಯೂಟರು, ಕೆಮ್ಮುವ ಒಂದು ಪ್ರಿಂಟರು,
ಮೆಟ್ಟಿಲ ಬುಡದ ತನಕ ಜನ.
ಹನ್ನೊಂದು ವರ್ಷದಿಂದ ಜನರ ಪರವಾಗಿ ಯಂತ್ರಕ್ಕೂ
ಯಂತ್ರದ ಪರವಾಗಿ ಜನರಿಗೂ ಸಮಜಾಯಿಷಿ ಹೇಳುತ್ತಿದ್ದೇನೆ.

ಯಾರಿಗೂ ಕಾಣುವುದಿಲ್ಲ ಇದು:
ಪುಟ ತೆರೆಯುವ ಮೊದಲೇ ಫೋನು ಒಂದು ಮಾತು ಹೇಳಿರುತ್ತದೆ.
ನಾನು ಇಂಥವನು, ನನ್ನ ಅಗಲ ಇಷ್ಟು,
ಮುಟ್ಟಿದರೆ ತಿಳಿಯುತ್ತದೆ; ಇಲ್ಲ, ಗುಂಡಿಯೇ ಒತ್ತಬೇಕು,
ಚಿತ್ರ ಸಣ್ಣದೇ ಕೊಡು, ಹೊರಲಾರೆ.
ಭಾಷೆ? ಕನ್ನಡಕ್ಕೆ ಒಂದು ಅಂಕ,
ಮಲಯಾಳಕ್ಕೆ ಸೊನ್ನೆ ದಶಾಂಶ ಎಂಟು,
ಇಂಗ್ಲಿಷಿಗೆ ಸೊನ್ನೆ ದಶಾಂಶ ಐದು.
ತುಳುವಿಗೂ ಆ ಪಟ್ಟಿಯಲ್ಲಿ ಮೂರಕ್ಷರದ ಹೆಸರುಂಟು.
ಯಾವ ಪುಟವಾದರೂ ಅದಕ್ಕೆ ಓಗೊಟ್ಟದ್ದು
ನಾನು ಈವರೆಗೆ ಕಂಡಿಲ್ಲ.

ಸುಳ್ಳೂ ಹೇಳುತ್ತವೆ, ಪಾಪ.
ಹಿಂದೊಮ್ಮೆ ಒಂದು ದೊಡ್ಡ ಮನೆತನದ ಹೆಸರು ಹೇಳಿದವರಿಗಷ್ಟೇ
ಒಳ್ಳೆಯ ಬಾಗಿಲುಗಳು ತೆರೆಯುತ್ತಿದ್ದವಂತೆ.
ಅಂದಿನಿಂದ ಎಲ್ಲರೂ ಆ ಹೆಸರಿನಿಂದಲೇ ಶುರು.
ಆ ಮನೆಯೇ ಈಗಿಲ್ಲ.
ಬೈಯಲು ನನಗೆ ಬಾಯಿಲ್ಲ: ಕಾಸರಗೋಡಿನ ಕಚೇರಿಯಲ್ಲಿ
ಕಿಟಕಿಯ ಮುಂದೆ ನಿಂತರೆ ನಾಲಗೆಗೆ ಮೊದಲು ಬರುವುದು ಮಲಯಾಳ.
ಕೆಲಸ ಆಗಬೇಕಲ್ಲ.

ಎಲ್ಲ ಫೋನೂ ಒಂದೇ ಬಗೆಯಲ್ಲಿ ಹೇಳಲಿ ಎಂದು
ಎಲ್ಲೋ ದೂರದಲ್ಲಿ ಕೂತು ಒಂದೊಂದೇ ಪದಕ್ಕೆ ಒಪ್ಪುತ್ತಿದ್ದಾರಂತೆ.
ಅಜ್ಜಿಯ ಕಾಲಕ್ಕೆ ಧಣಿಯ ಚಾವಡಿಯಲ್ಲಿ ಎರಡು ಸೇರಿತ್ತು.
ಗೇಣಿ ಅಳೆಯುವುದು ಬೊಜ್ಜಿನದ್ದು,
ಕೂಲಿ ಅಳೆಯುವುದು ಹೊಟ್ಟೆ ಬೆನ್ನಿಗಂಟಿದ್ದು.
ಎರಡಕ್ಕೂ ಹೆಸರು ಸೇರೇ.
ಮುದ್ರೆಯೊತ್ತಿದ ಸೇರು ಬಂದ ದಿನ
ಅಜ್ಜಿ ಅದನ್ನು ಮಗುಚಿ, ತಳ ತಟ್ಟಿ ನೋಡಿದ್ದಳಂತೆ.

ನಾನೂ ತಟ್ಟಿ ನೋಡುತ್ತೇನೆ.
ಅಗಲ ಹೇಳು, ಸರಿ. ಅಕ್ಷರ ಹೇಳು, ಸರಿ.
ಬ್ಯಾಟರಿ ಎಷ್ಟುಂಟು, ಗಡಿಯಾರ ಯಾವ ಊರಿನದ್ದು,
ಅದೆಲ್ಲ ಇವರಿಗೆ ಎಂತಕ್ಕೆ?
ಸಾರಡ್ಕದ ಗೇಟಿನಲ್ಲಿ ಚೀಲದೊಳಗಿನದ್ದನ್ನು
ಒಂದೊಂದಾಗಿ ಮೇಜಿನ ಮೇಲೆ ಇಟ್ಟು ಮುಗಿಸಿದರೆ
ಹೆಸರು ಕೇಳದೆಯೂ ಇಂಥವಳೇ ಎಂದುಬಿಡಬಹುದು.

ಮೊನ್ನೆ ಕಮಲಾಕ್ಷಿ ಬಂದಿದ್ದಳು, ಬೀಡಿಯ ಪೆನ್ಶನಿನವಳು,
ರಬ್ಬರ್ ಬ್ಯಾಂಡು ಸುತ್ತಿದ ಗುಂಡಿಯ ಫೋನು.
“ಇದರಲ್ಲೇ ಆಗ್ತದಾ ನೋಡು” ಎಂದಳು.
ಕನ್ನಡ ಬರುತ್ತದೆ ಎಂದಿತು ಫೋನು.
ಪುಟ ನಂಬಿ ಕನ್ನಡದಲ್ಲೇ ಬಂತು. ಬಂದದ್ದು ಹೀಗೆ:
ಕ ಮ ಲಾ ಕ್ ಷಿ.
ಒತ್ತು ಬಾರದು ಎನ್ನಲು ಅದಕ್ಕೆ ಯಾರೂ ಪದ ಕೊಟ್ಟಿರಲಿಲ್ಲ.
ಬರುತ್ತದೆ, ಬರುವುದಿಲ್ಲ. ಇದ್ದದ್ದು ಎರಡೇ.

ಪಂಚಾಯತಿನ ಹೊಸ ಗುಮಾಸ್ತ ಬಿನೋಯ್, ಕೊಟ್ಟಾರಕ್ಕರದವನು,
ಕನ್ನಡದ ಎದುರಿನ ಚೌಕಕ್ಕೆ ಟಿಕ್ ಹಾಕಿಯೇ ಇಲ್ಲಿಗೆ ಬಂದದ್ದು.
ಸುಳ್ಳೆನ್ನಲಾರೆ. ಮೂಲಾಕ್ಷರ ಎಲ್ಲ ಬರುತ್ತದೆ.
ಸಂಜೆ ಐದರ ಮೇಲೆ ಬಂದು ನನ್ನಲ್ಲಿ ಒತ್ತು ಕಲಿಯುತ್ತಾನೆ;
ಅಕ್ಕ, ಅಮ್ಮ ದಾಟಿ ಅಪ್ಪನಲ್ಲಿ ನಿಂತಿದ್ದಾನೆ.

ನನ್ನ ಕಂಪ್ಯೂಟರಿನಿಂದಲೇ ಕಳಿಸಿದೆ ಅವಳ ಅರ್ಜಿಯನ್ನು.
ವಾರ ಕಳೆದು ಪಂಚಾಯತಿನ ಜಗಲಿಯಲ್ಲಿ
ಬಿನೋಯ್ ಪಟ್ಟಿ ಹಿಡಿದು, ಬೆರಳಿಟ್ಟು,
ಒಂದು ಗಳಿಗೆ ತಡೆದು ಕೂಗಿದ:
“ಕಮಲಾಕಷಿ.”
ರಬ್ಬರ್ ಬ್ಯಾಂಡು ಸರಿಮಾಡುತ್ತಾ ಅವಳು ಎದ್ದಳು.
“ಓ, ಬಂದೆ.”